ನಿಂಬೆರಸಕ್ಕೆ ನೊರೆಯುಕ್ಕಿದ ನೆಲ

ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ ಇಡಲೂ ಜಾಗವಿಲ್ಲ. ಇದ್ದಬದ್ದ ಜಾಗವನ್ನೆಲ್ಲ ಮಣ್ಣಿನ ಚೀಲಗಳು ನುಂಗಿವೆ. ಶಿವಮೊಗ್ಗದ ವಿನೋಬನಗರದಲ್ಲಿ ಎಲ್ಲರ ಬಾಲ್ಕನಿಯಲ್ಲೂ ಬಟ್ಟೆ ಒಣಗುತ್ತದೆ, ನಮ್ಮ ಬಾಲ್ಕನಿಯಲ್ಲಿ ಭದ್ರಾವತಿ ಒಣಗುತ್ತದೆ ಎಂದು ನನ್ನ ಗಂಡ ಬಂದವರ ಮುಂದೆಲ್ಲ ಹೇಳುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ. ಈಗ ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತೇನೆ.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಣ್ಣು ಮತ್ತು ಪಾಯದ ಪಾಠ ಹೇಳುವವಳು. ಪಾಠ ಸಾಲದು ಎಂಬಂತೆ ಕೆಲವು ವರ್ಷಗಳ ಹಿಂದೆ ಒಂದು ಸಂಶೋಧನೆಯನ್ನೂ ಮೈಮೇಲೆ ಎಳೆದುಕೊಂಡೆ. ಭದ್ರಾವತಿಯ ಹೊರವಲಯದಲ್ಲಿ ಅಲ್ಲಲ್ಲಿ ಸುಣ್ಣದ ಕಲ್ಲಿನ ಪಟ್ಟಿಗಳಿವೆ. ಆ ನೆಲದಲ್ಲಿ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಬೆಳೆ ತೆಗೆಯಬಹುದು, ಎಲ್ಲಿ ಸುಮ್ಮನೆ ಬಿಟ್ಟುಬಿಡಬೇಕು ಎಂದು ತೋರಿಸುವ ನಕ್ಷೆ ಮಾಡುವುದು ನನ್ನ ಕೆಲಸ. ಕಾಲೇಜಿನ ಜೀಪು ಯಾವಾಗ ಕೇಳಿದರೂ ಇನ್ನೆಲ್ಲಿಗೋ ಹೋಗಿರುತ್ತದೆ. ಹಾಗಾಗಿ ಬಸ್ಸಿನಲ್ಲಿ ಹೋಗಿ, ಆಟೊ ಹಿಡಿದು, ಬಿಸಿಲಲ್ಲಿ ಬೆಂದು, ಚೀಲ ಹೊತ್ತು ವಾಪಸ್ ಬರುತ್ತೇನೆ. ಕಂಡಕ್ಟರು "ಏನ್ ಮೇಡಂ, ಅಕ್ಕಿನಾ?" ಎಂದು ಕೇಳುತ್ತಾನೆ. ಮಣ್ಣು ಎಂದರೆ ನಂಬುವುದಿಲ್ಲ. ಈಚೆಗೆ ಅಕ್ಕಿ ಎಂದೇ ಹೇಳಿಬಿಡುತ್ತೇನೆ.

ಈ ನೆಲದ ಸ್ವಭಾವವನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೇಲೆ ಬೂದುಬಿಳುಪಿನ ಸುಣ್ಣಜೇಡಿ, ಅಂದರೆ ಅರ್ಧ ಜೇಡಿಮಣ್ಣು, ಅರ್ಧ ಸುಣ್ಣ. ಪಠ್ಯಪುಸ್ತಕದಲ್ಲಿ ಅದಕ್ಕೆ ಮಾರ್ಲ್ ಎನ್ನುತ್ತಾರೆ. ಬೇಸಿಗೆಯಲ್ಲಿ ಹಾರೆ ಹಾಕಿದರೆ ಹಾರೆಯೇ ಎಗರಿ ಬೀಳುವಷ್ಟು ಗಟ್ಟಿ. ನೋಡಿದವರು "ಎಂಥ ನೆಲ ಮಾರಾಯ್ರೆ, ಬಂಡೆ!" ಎನ್ನುತ್ತಾರೆ. ಮಳೆಗಾಲದಲ್ಲಿ ಅದೇ ನೆಲ ಕಲಸಿಟ್ಟ ಹಿಟ್ಟಿನಂತೆ ಕಾಲಿಗೆ ಅಂಟುತ್ತದೆ. ಅದರ ಕೆಳಗೆ ಸುಣ್ಣದ ಕಲ್ಲು. ಆ ಕಲ್ಲನ್ನು ನೀರು ಯಾವ ಕಾಲದಿಂದಲೋ ನಿಧಾನವಾಗಿ ಕರಗಿಸುತ್ತ ಬಂದು, ಕೆಲವು ಕಡೆ ಒಳಗೇ ಟೊಳ್ಳು ಮಾಡಿರುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಣ್ಣಿನಲ್ಲಿ ಸುಣ್ಣ ಇದೆಯೇ ಎಂದು ತಿಳಿಯಲು ನನ್ನ ಬ್ಯಾಗಿನಲ್ಲಿ ಪುಟ್ಟ ಬಾಟಲಿಯಲ್ಲಿ ಆಸಿಡ್ ಇರುತ್ತದೆ. ಒಂದು ಹನಿ ಬಿಟ್ಟರೆ ಮಣ್ಣು ಚುಸ್ಸೆಂದು ನೊರೆ ಉಕ್ಕಿಸುತ್ತದೆ. ವಿದ್ಯಾರ್ಥಿಗಳಿಗೆ ಅದೊಂದು ಮೋಜು, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಾರೆ. ನನಗೋ ಆ ಸದ್ದು ಕೇಳಿದರೆ, ಇನ್ನೊಂದು ಚೀಲ ಹೊರಬೇಕಲ್ಲ ಎಂದು ಸೊಂಟ ನೋಯುತ್ತದೆ.

ಟೊಳ್ಳು ಸಿಕ್ಕ ಕಡೆಯೆಲ್ಲ ನಕ್ಷೆಯಲ್ಲಿ ಕೆಂಪು ಬಣ್ಣ ಹಚ್ಚುತ್ತೇನೆ. ವರದಿ ಬರೆದು ಸರ್ಕಾರಿ ಕಚೇರಿಗಳಿಗೆ ಕಳಿಸುತ್ತೇನೆ. ತಲುಪಿದೆ ಎಂಬ ಉತ್ತರ ಬರುತ್ತದೆ, ಅಷ್ಟೆ. ಇನ್ನೊಂದು ಸಲ ಹೋಗುವಷ್ಟರಲ್ಲಿ ಕೆಂಪು ಬಳಿದ ಜಾಗಕ್ಕೆ ಜೆಸಿಬಿ ಬಂದು, ಗಡಿಕಲ್ಲು ನೆಟ್ಟು, ಕಮಾನು ನಿಲ್ಲಿಸಿ, ಯಾವುದೋ ದೇವರ ಹೆಸರಿನ ಲೇಔಟ್ ಎದ್ದಿರುತ್ತದೆ. ಮೊದಲು ಇದಕ್ಕೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು, ಯಾರ್ಯಾರಿಗೋ ಫೋನ್ ಮಾಡಿ ಜಗಳವಾಡುತ್ತಿದ್ದೆ. ಈಗ ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಕಸುವಿಲ್ಲ. ಚೀಲ ಹೊತ್ತುಕೊಂಡು ಬಸ್ಸು ಹತ್ತುತ್ತೇನೆ.

ನನ್ನ ತಂಗಿ ಇರುವುದು ಭದ್ರಾವತಿಯ ನ್ಯೂಟೌನಿನಲ್ಲಿ. ಅವಳ ಗಂಡ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮದುವೆಯಾದಾಗಿನಿಂದ ಅವಳ ಸಂಸಾರವೆಲ್ಲ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ನಡೆಯಿತು. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಹೊಲಿಗೆ ಮೆಷಿನ್ ಇಟ್ಟ ಮೂಲೆಗೆ ಬೆಳಕೇ ಬರುವುದಿಲ್ಲ, ಮಟಮಟ ಮಧ್ಯಾಹ್ನವೂ ಲೈಟ್ ಹಾಕಿಕೊಂಡು ಸೂಜಿಗೆ ದಾರ ಪೋಣಿಸಬೇಕು. "ಸ್ವಂತ ಮನೆ ಆಗ್ಲಿ ಅಕ್ಕ, ಮೆಷಿನ್ ಮುಂದೆ ಇಷ್ಟಗಲ ಕಿಟಕಿ ಇಡಿಸ್ತೀನಿ" ಎಂದು ಎರಡೂ ಕೈ ಚಾಚಿ ತೋರಿಸುತ್ತಿದ್ದಳು. ವರ್ಷ ಹೋದ ಹಾಗೆ ಆ ಕಿಟಕಿ ಅಗಲವಾಗುತ್ತ ಹೋಯಿತು. ಕೊನೆಗೆ ಅವಳ ಗಂಡನಿಗೆ ನಿವೃತ್ತಿಯಾಯಿತು. ಅದರ ಹಿಂದೆಯೇ ಎದೆನೋವು ಬಂದು ಆಪರೇಷನ್ ಆಯಿತು. ಕ್ವಾರ್ಟರ್ಸ್ ಖಾಲಿ ಮಾಡುವ ದಿನ ಹತ್ತಿರ ಬಂತು.

ಒಂದು ಭಾನುವಾರ ಇಬ್ಬರೂ ಮೈಸೂರುಪಾಕಿನ ಡಬ್ಬ ಹಿಡಿದು ನಮ್ಮ ಮನೆಗೆ ಬಂದರು. ಸೈಟ್ ರಿಜಿಸ್ಟರ್ ಆಗಿತ್ತು. ಎಲ್ಲಿ ಎಂದು ಕೇಳಿದೆ. ಅವಳು ಹೇಳಿದ ಲೇಔಟಿನ ಹೆಸರು ಕೇಳಿ ಕೈಯಲ್ಲಿದ್ದ ಮೈಸೂರುಪಾಕನ್ನು ಡಬ್ಬಕ್ಕೇ ವಾಪಸ್ ಇಟ್ಟೆ. ನನ್ನ ನಕ್ಷೆಯಲ್ಲಿ ಅದರ ಪಕ್ಕದ ಹೊಲದವರೆಗೂ ಕೆಂಪು ಬಳಿದಿದ್ದೆ.

"ಒಂದು ಮಾತು ನನ್ನ ಕೇಳಬಾರದಿತ್ತೇನೇ?" ಎಂದೆ.

"ನಿನ್ನ ಕೇಳಿದ್ರೆ ಮುಗೀತು ಮಾರಾಯ್ತಿ. ನಿನ್ನ ಪ್ರಕಾರ ಶಿವಮೊಗ್ಗನೂ ಸರಿ ಇಲ್ಲ, ಭದ್ರಾವತಿನೂ ಸರಿ ಇಲ್ಲ. ಮನುಷ್ಯರು ಆಕಾಶದಲ್ಲಿ ಮನೆ ಕಟ್ಕೋಬೇಕು" ಎಂದಳು. ಎಲ್ಲರೂ ನಕ್ಕರು. ಅವಳ ಗಂಡ ಇನ್ನೂ ಹುರುಪಿನಲ್ಲಿದ್ದರು. "ಅತ್ತಿಗೆ, ಅಷ್ಟು ವರ್ಷ ಸುಣ್ಣದ ಕಲ್ಲು ಹಾಕಿ ಕಬ್ಬಿಣ ಕರಗಿಸಿದೋನು ನಾನು. ಅದರ ಗುಣ ನನಗೆ ಗೊತ್ತಿಲ್ವಾ? ಬೆಂಕೀಲಿ ನಿಲ್ಲೋ ಕಲ್ಲು, ಮನೆ ಹೊರಲ್ವಾ?" ಎಂದರು. ಬೆಂಕಿಯಲ್ಲ, ನೀರು ಅದರ ಶತ್ರು ಎಂದು ಹೇಳಿದೆ. ಅವರು ಇನ್ನೊಂದು ಮೈಸೂರುಪಾಕು ತೆಗೆದುಕೊಂಡರು.

ಆ ವಾರವೇ ಕಾಲೇಜಿನ ರಾಡು ತೆಗೆದುಕೊಂಡು ಸೈಟಿಗೆ ಹೋದೆ. ತುದಿ ಚೂಪಾದ ಕಬ್ಬಿಣದ ರಾಡು ಅದು, ಮೇಲಿಂದ ತೂಕ ಬೀಳಿಸಿ ನೆಲಕ್ಕೆ ಇಳಿಸುತ್ತೇವೆ. ಎಷ್ಟು ಪೆಟ್ಟಿಗೆ ಎಷ್ಟು ಇಳಿಯಿತು ಎಂಬುದರ ಮೇಲೆ ನೆಲದ ಬಲ ಗೊತ್ತಾಗುತ್ತದೆ. ಮೊದಲು ಈಶಾನ್ಯ ಮೂಲೆಯಲ್ಲೇ ಶುರುಮಾಡಿದೆ, ಏಕೆಂದರೆ ನಮ್ಮ ಕಡೆ ಯಾರೇ ಮನೆ ಕಟ್ಟಲಿ ನೀರಿನ ಸಂಪು ತೆಗೆಯುವುದು ಈಶಾನ್ಯದಲ್ಲೇ. ಮೇಲಿನ ಪದರದಲ್ಲಿ ರಾಡು ಟಣ್ ಟಣ್ ಎಂದು ಹಟ ಹಿಡಿಯಿತು. ಆಮೇಲೆ ಸಡಿಲವಾಯಿತು. ಆಮೇಲೆ ಪೆಟ್ಟೇ ಹಾಕದೆ, ತನ್ನ ಭಾರಕ್ಕೆ ತಾನೇ ಸರ್ರನೆ ಇಳಿದು ಹೋಯಿತು. ತಂಗಿ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ಬಣ್ಣವಿರಲಿಲ್ಲ.

"ಕೆಳಗೆ ಟೊಳ್ಳಿದೆ. ಮೆತ್ತನೆ ಕೆಸರು ತುಂಬಿಕೊಂಡಿದೆ. ಇಲ್ಲಿ ಸಂಪು ಮಾಡಬೇಡ, ನೀರು ಸೋರಿದರೆ ಮೇಲಿನ ಗಟ್ಟಿ ಮಣ್ಣೂ ಕರಗಿ ಕುಸಿಯುತ್ತೆ. ಬೇರೆ ಮೂಲೆಗಳನ್ನೂ ನೋಡ್ತೀನಿ ಇರು" ಎಂದು ರಾಡನ್ನು ಹಿಂಬದಿಗೆ ಒಯ್ಯಲು ಎತ್ತಿದೆ.

ಅವಳು ರಾಡು ಹಿಡಿದುಕೊಂಡುಬಿಟ್ಟಳು. "ಸಾಕು ಅಕ್ಕ. ಪೂಜೆಗೆ ಮುಂಚೆ ನೆಲ ತಿವಿಯೋದು ಒಳ್ಳೇದಲ್ಲಂತೆ. ಒಂದು ತೂತಾಯ್ತಲ್ಲ, ಬಿಡು."

"ಸಂಪು ಆ ಕಡೆ ನೈರುತ್ಯಕ್ಕೆ ಹಾಕ್ಕೋ ಹಾಗಾದರೆ."

"ನೈರುತ್ಯದಲ್ಲಿ ನೀರಾ? ಮನೆ ಯಜಮಾನನಿಗೆ ಆಗಲ್ಲ ಅಂತಾರೆ. ಅವರ ಎದೆ ಬೇರೆ ಕೊಯ್ದಿದ್ದಾರೆ. ನಾಳೆ ಏನಾದ್ರೂ ಆದ್ರೆ ನಿನ್ನ ಕಾಲೇಜು ಬರುತ್ತಾ?" ಅವಳ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನಾನು ರಾಡು ತೆಗೆದುಕೊಂಡು ಹೊರಟೆ. ಇಡೀ ದಾರಿ ಬಸ್ಸಿನಲ್ಲಿ ಆ ರಾಡನ್ನು ಕಾಲ ಸಂದಿಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಆಮೇಲೂ ಫೋನಿನಲ್ಲಿ ಹೇಳಿದೆ, ಮನೆಗೆ ಹೋಗಿ ಹೇಳಿದೆ, ನಕ್ಷೆ ಬಿಡಿಸಿ ತೋರಿಸಿದೆ. ಗಂಡ ಹೆಂಡತಿ ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುದ್ದಲಿ ಪೂಜೆ ಬಂತು. ಅದೂ ಅದೇ ಈಶಾನ್ಯ ಮೂಲೆಯಲ್ಲಿ. ನೆರೆಯ ಹೆಂಗಸರೆಲ್ಲ ಆಟೊ ಮಾಡಿಕೊಂಡು ಬಂದಿದ್ದರು. ಭಟ್ಟರು ಮಂತ್ರ ಹೇಳಿದರು, ತಂಗಿಯ ಗಂಡ ಹೊಸ ಗುದ್ದಲಿಯಿಂದ ನೆಲ ಅಗೆದರು, ತೆಂಗಿನಕಾಯಿ ಒಡೆದರು. ಆಮೇಲೆ ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ಗುಂಡಿಯ ಎರಡು ಬದಿಗೆ ಹಿಂಡಬೇಕು. ತಂಗಿ ಹಿಂಡಿದಳು. ಹೊಸದಾಗಿ ಅಗೆದ ಬಿಳಿ ಮಣ್ಣಿನ ಮೇಲೆ ರಸ ಬಿದ್ದದ್ದೇ ಸಣ್ಣಗೆ ಸದ್ದು ಮಾಡುತ್ತ ಕೆಂಪು ಕೆಂಪು ನೊರೆ ಉಕ್ಕಿತು.

"ಅಯ್ಯೋ ನೋಡ್ರೇ! ಭೂಮ್ತಾಯಿ ಒಪ್ಕೊಂಡ್ಲು!" ಎಂದು ಯಾರೋ ಕೂಗಿದರು. ಹೆಂಗಸರೆಲ್ಲ ಬಗ್ಗಿ ನೋಡಿ ಕೈಮುಗಿದರು. ಇನ್ನೊಂದು ನಿಂಬೆಹಣ್ಣು ಹಿಂಡಿಸಿ ಮತ್ತೆ ನೋಡಿದರು. ಮತ್ತೆ ಉಕ್ಕಿತು. ನನ್ನ ತಂಗಿಯ ಮುಖ ಆ ಹೊತ್ತಿನಲ್ಲಿ ಹೇಗಿತ್ತೆಂದರೆ, ಅವಳ ಮದುವೆಯ ದಿನವೂ ನಾನು ಅವಳನ್ನು ಅಷ್ಟು ಸಂತೋಷದಲ್ಲಿ ನೋಡಿರಲಿಲ್ಲ.

ನಾನು ಅವಳ ಕಿವಿಯ ಹತ್ತಿರ ಹೋಗಿ, "ಸುಣ್ಣ ಕಣೇ ಅದು. ಹುಳಿ ಬಿದ್ದರೆ ಉಕ್ಕುತ್ತೆ. ನನ್ನ ಬಾಟಲಿಯಲ್ಲಿ ಆಗೋದೂ ಇದೇ" ಎಂದೆ.

ಅವಳು ನಗುತ್ತಲೇ, "ಇವತ್ತೊಂದಿನ ನಿನ್ನ ಕಾಲೇಜನ್ನ ರೋಡಲ್ಲಿ ನಿಲ್ಲಿಸಿ ಬರಕ್ಕಾಗಲ್ವಾ ಮಾರಾಯ್ತಿ?" ಎಂದು ನನ್ನ ಬಾಯಿಗೆ ಕಾಯಿಚೂರು ತುರುಕಿದಳು. ನಾನು ಜಗಿದೆ. ಇನ್ನೇನು ಮಾಡಲಿ?

ಮನೆ ಕಟ್ಟಲು ನೀರು ಬೇಕಲ್ಲ, ಹಾಗಾಗಿ ಎಲ್ಲಕ್ಕಿಂತ ಮೊದಲು ಈಶಾನ್ಯದಲ್ಲಿ ಸಂಪು ಕಟ್ಟಿದರು. ಗಾರೆ ಮೇಸ್ತ್ರಿ ತಮಿಳಿನವನು, ಕಾರ್ಖಾನೆ ಏರಿಯಾದಲ್ಲೇ ಹುಟ್ಟಿ ಬೆಳೆದವನು, ಕೆಲಸದಲ್ಲಿ ಚೊಕ್ಕ. ತಳಕ್ಕೆ ಕಾಂಕ್ರೀಟು, ಸುತ್ತ ಗೋಡೆ, ಒಳಗೆ ನಯವಾದ ಗಿಲಾವು. ಒಣಗಿದ ಮೇಲೆ ಟ್ಯಾಂಕರ್ ತರಿಸಿ ತುಂಬಿಸಿದರು. ತಂಗಿ ಆ ನೀರಿಗೆ ಅರಿಶಿನ ಕುಂಕುಮ ಹಾಕಿ ಫೋಟೊ ತೆಗೆದು ನನಗೆ ಕಳಿಸಿದಳು. ಫೋಟೊದ ಕೆಳಗೆ "ನೋಡು" ಎಂದಷ್ಟೇ ಬರೆದಿದ್ದಳು.

ಮರುದಿನ ಬೆಳಿಗ್ಗೆ ನಾನು ಕ್ಲಾಸಿಗೆ ಹೊರಟಿದ್ದೆ. ಮೇಸ್ತ್ರಿಯ ಫೋನು ಬಂತು. "ಅಕ್ಕಾ, ತಣ್ಣಿ ಪೂರಾ ಪೋಯಿಡ್ಚಕ್ಕಾ. ಸಂಪಲ್ಲಿ ಒಂದು ತೊಟ್ಟು ನೀರೂ ಇಲ್ಲ." ನಾನು ಕ್ಲಾಸು ಬಿಟ್ಟು ಓಡಿದೆ. ಸಂಪಿನ ತಳದ ಒಂದು ಮೂಲೆ ಹಪ್ಪಳದ ಹಾಗೆ ಸೀಳಿ, ಒಳಗಿನ ಕಾಂಕ್ರೀಟು ತುಂಡಾಗಿ ಕೆಳಗೆ ಜಾರಿತ್ತು. ಅದರಾಚೆ ಕತ್ತಲು. ಮೇಸ್ತ್ರಿ ಒಂದು ಕಲ್ಲು ಎತ್ತಿ ಹಾಕಿದ. ತುಸು ಹೊತ್ತಾದ ಮೇಲೆ ಕೆಳಗೆ ಎಲ್ಲೋ ಪಚಕ್ ಎಂದು ಸದ್ದಾಯಿತು.

ತಂಗಿ ಮರಳಿನ ರಾಶಿಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ, "ನಾನು ಮೊದಲೇ ಹೇಳಿದ್ದೆ ಅಂತ ಮಾತ್ರ ಅನ್ಬೇಡ ಅಕ್ಕ. ಅಂದ್ರೆ ನಾನಿಲ್ಲೇ ಇದರೊಳಗೆ ಹಾರ್ಕೋತೀನಿ" ಎಂದಳು. ನಾನು ಅವಳ ಪಕ್ಕ ಕೂತೆ. ಅವಳ ಗಂಡ ಗುಂಡಿಯ ಸುತ್ತ ಬೇಲಿ ಕಟ್ಟಿಸುವುದು ಬಿಟ್ಟು, ಎದೆ ಒತ್ತಿಕೊಂಡು ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. ಬ್ರೋಕರನ ಜೊತೆ ಎಂದು ಆಮೇಲೆ ತಿಳಿಯಿತು. ಹೋಗುವ ಮುಂಚೆ ಮೇಸ್ತ್ರಿ ಸಂಪಿನ ಬಾಯಿಗೆ ತಗಡಿನ ಶೀಟು ಮುಚ್ಚಿ ಮೇಲೆ ಇಟ್ಟಿಗೆ ಹೇರಿದ.

ಅದಾಗಿ ಕೆಲವು ದಿನಕ್ಕೆ ತಂಗಿ ಫೋನ್ ಮಾಡಿದಳು. ಅದೂ ಇದೂ ಮಾತಾಡಿ ಕೊನೆಗೆ ವಿಷಯಕ್ಕೆ ಬಂದಳು.

"ಸೈಟ್ ಮಾರ್ತಿದೀವಿ ಅಕ್ಕ, ನೋಡೋಕೆ ಒಂದು ಪಾರ್ಟಿ ಬರ್ತಿದ್ದಾರೆ. ಗಂಡ ಹೆಂಡ್ತಿ. ಅಕ್ಕ ಕಾಲೇಜಲ್ಲಿ ಮಣ್ಣಿನ ಎಂಜಿನಿಯರ್ ಅಂತ ಬ್ರೋಕರ್ ಹೇಳ್ಬಿಟ್ಟಿದ್ದಾನೆ. ನಿನ್ನ ಒಂದ್ಸಲ ಕೇಳ್ಬೇಕಂತೆ. ನೀನು ಬಂದು ನಿಂತ್ಕೋ ಸಾಕು. ಏನೂ ಮಾತಾಡ್ಬೇಡ."

"ಕೇಳಿದರೆ ಹೇಳ್ತೀನಿ" ಎಂದೆ.

"ನಿನಗೆ ಊರೋರೆಲ್ಲ ಬೇಕು, ನಾನೊಬ್ಬಳು ಬೇಡ ಅಲ್ವಾ? ನಿನಗೆ ಸ್ವಂತ ಮನೆ ಇದೆ. ಬಾಲ್ಕನಿಯಲ್ಲಿ ಮಣ್ಣು ಒಣಗಿಸ್ತೀಯ. ನನಗೇನಿದೆ ಹೇಳು? ಈ ಸೈಟಿನ ದುಡ್ಡು ಹೋದ್ರೆ ನನಗಿನ್ನು ಜನ್ಮದಲ್ಲಿ ಮನೆ ಆಗಲ್ಲ."

ಅವಳು ಹೇಳಿದ್ದು ನಿಜ. ಮಾರಿದರೆ ಮಾತ್ರ ಅವಳಿಗೆ ಇನ್ನೊಂದು ಜಾಗ ಕೊಳ್ಳಲು ಸಾಧ್ಯ, ಮಾರಬೇಕಾದರೆ ಆ ತಗಡಿನ ಶೀಟು ಮುಚ್ಚಿಕೊಂಡೇ ಇರಬೇಕು. ಇಷ್ಟು ವರ್ಷ ಯಾರ್ಯಾರಿಗೋ ಬರೆದ ವರದಿಗಳನ್ನು ಯಾರೂ ಓದಲಿಲ್ಲ. ಈಗ ಮೊದಲ ಸಲ ಯಾರೋ ನನ್ನ ಮಾತು ಕೇಳಬೇಕು ಎಂದಿದ್ದಾರೆ, ಅದೂ ನನ್ನ ತಂಗಿಯ ಮನೆ ಮುರಿಯಲು. ಎಂಥ ಕರ್ಮ ಇದು ಎಂದು ಒಬ್ಬಳೇ ಕೂತು ಅತ್ತೆ. ಆದರೂ ಹೊರಟೆ. ಕೇಳಿದರೆ ಹೇಳುವುದೇ ಎಂದು ಗಟ್ಟಿ ಮಾಡಿಕೊಂಡೇ ಬಸ್ಸು ಹತ್ತಿದೆ.

ಬಂದಿದ್ದವರು ಹೆಚ್ಚು ವಯಸ್ಸಿನವರಲ್ಲ. ಗಂಡ ಯಾವುದೋ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಸೈಟಿನ ಗಡಿಕಲ್ಲುಗಳ ನಡುವೆ ಓಡಾಡುತ್ತಿದ್ದ. ಹೆಂಡತಿ ಆಗಲೇ ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಎಂದು ಚಪ್ಪಲಿಯಲ್ಲಿ ಗೆರೆ ಎಳೆಯುತ್ತಿದ್ದಳು. "ಇಲ್ಲಿ ಹಿಂದ್ಗಡೆ ಒಂದು ಕರಿಬೇವು ಹಾಕ್ಬೇಕು" ಎಂದು ತನಗೆ ತಾನೇ ಹೇಳಿಕೊಂಡಳು. ತಂಗಿಯ ಗಂಡ ಸಂಪಿನ ತಗಡಿನ ಮುಂದೆ ಕಾಲು ಅಗಲಿಸಿಕೊಂಡು ನಿಂತಿದ್ದರು. ಬ್ರೋಕರ್ ಬಾಯಿ ಮುಚ್ಚದೆ ಮಾತಾಡುತ್ತಿದ್ದ. ತಂಗಿ ನನ್ನ ಕಡೆ ನೋಡುತ್ತಲೇ ಇರಲಿಲ್ಲ.

ಆ ಹೆಂಗಸು ಚೀಲದಿಂದ ಕೊಯ್ದಿಟ್ಟ ಒಂದು ನಿಂಬೆಹಣ್ಣು ತೆಗೆದಳು. "ನಮ್ಮತ್ತೆ ಹೇಳಿದಾರೆ, ಜಾಗ ನೋಡೋಕೆ ಹೋದಾಗ ಒಂದು ಹಿಂಡಿ ಬಾ ಅಂತ. ದೃಷ್ಟಿ ಗಿಷ್ಟಿ ಇದ್ರೆ ಹೋಗುತ್ತೆ" ಎಂದು ನಾಚಿಕೊಂಡಳು. ಸಂಪಿಗೆಂದು ಅಗೆದಿದ್ದ ಬಿಳಿ ಮಣ್ಣಿನ ಗುಡ್ಡೆಯ ಮುಂದೆ ಕೂತು ಹಣ್ಣನ್ನು ಹಿಂಡಿದಳು. ಮಣ್ಣು ಮೆಲ್ಲಗೆ ಸದ್ದು ಮಾಡಿ ನೊರೆ ಉಕ್ಕಿಸಿತು.

"ರೀ, ಬನ್ನಿ ಇಲ್ಲಿ! ನೋಡಿ ಹೆಂಗೆ ಉಕ್ತಾ ಇದೆ! ನಮಗೇ ಆಗೋ ಜಾಗ ರೀ ಇದು!" ಎಂದು ಗಂಡನನ್ನು ಕೂಗಿದಳು. ಅವಳ ಮುಖ ಅರಳಿಬಿಟ್ಟಿತ್ತು. ಆ ಮುಖವನ್ನು ನಾನು ಇದೇ ಜಾಗದಲ್ಲಿ ಮೊದಲೇ ನೋಡಿದ್ದೆ. ಹೇಳಲೇಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ನನ್ನ ತಂಗಿ ಮುಂದೆ ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಅದು ಒಪ್ಪಿಗೆ ಅಲ್ಲ ಕಣಮ್ಮ" ಎಂದಳು. "ಸುಣ್ಣ ಅದು. ಹುಳಿ ಬಿದ್ರೆ ಉಕ್ಕುತ್ತೆ. ನನಗೂ ಹಿಂಗೇ ಉಕ್ಕಿತ್ತು. ಬಾ ಇಲ್ಲಿ."

ಅವಳೇ ಎದ್ದು ಹೋಗಿ, ತನ್ನ ಗಂಡನನ್ನು ಬದಿಗೆ ಸರಿಸಿ, ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ತಗಡಿನ ಶೀಟು ಎಳೆದಳು. "ಹತ್ರ ಹೋಗ್ಬೇಡ, ಇಲ್ಲಿಂದಲೇ ನೋಡು. ಕೆಳಗೆ ಟೊಳ್ಳು. ಒಂದು ಟ್ಯಾಂಕರ್ ನೀರು ಹೇಳಹೆಸರಿಲ್ಲದ ಹಾಗೆ ಹೋಯ್ತು. ತಗೋಬೇಡಿ ಇದನ್ನ."

ಆ ಹುಡುಗಿ ಹಿಂಡಿದ ನಿಂಬೆ ಹೋಳನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು. ಬ್ರೋಕರ್ ನನ್ನ ಕಡೆ ತಿರುಗಿ "ಏನ್ ಮೇಡಂ ಇದು!" ಎಂದ. ಬಂದಿದ್ದ ಗಂಡ ಹೆಂಡತಿ ಬೈಕ್ ಹತ್ತಿ ಹೋದರು. ತಂಗಿಯ ಗಂಡ "ತಲೆ ಕೆಟ್ಟಿದೆಯೇನೇ ನಿನಗೆ?" ಎಂದು ಒಂದು ಸಲ ಕೂಗಿದರು. ಆಮೇಲೆ ಲೇಔಟಿನ ಕಮಾನಿನ ತನಕ ನಿಧಾನವಾಗಿ ನಡೆದುಹೋಗಿ ಅಲ್ಲಿ ಕಟ್ಟೆಯ ಮೇಲೆ ಕೂತರು.

ನಾನು ತಂಗಿಯ ಹೆಗಲ ಮೇಲೆ ಕೈಯಿಟ್ಟೆ. ಅವಳು ಕೈ ಕೊಡವಿದಳು. ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು.

"ಹಾಕ್ಕೋ ಈಗ ನಿನ್ನ ನಕ್ಷೇಲಿ. ಕೆಂಪು ಬಳಿ. ಇಷ್ಟು ವರ್ಷ ಮಣ್ಣು ಹೊತ್ತೆಯಲ್ಲ ಅಕ್ಕ, ಕಟ್ಬೇಡಿ ಕಟ್ಬೇಡಿ ಅಂತ ಊರಿಗೆಲ್ಲ ಹೇಳಿದೆ. ಎಲ್ಲಿ ಕಟ್ಬೋದು ಅಂತ ಒಬ್ಬರಿಗಾದ್ರೂ ಹೇಳಿದೀಯೇನೇ?"

ನನ್ನ ನಕ್ಷೆ ಕಣ್ಣ ಮುಂದೆ ಬಂತು. ಅಲ್ಲಿ ಕೆಂಪು ಇದೆ, ಉಳಿದದ್ದೆಲ್ಲ ಬಿಳಿಯಾಗಿಯೇ ಇದೆ. ಆ ಬಿಳಿ ಜಾಗಗಳಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ, ಪರೀಕ್ಷೆ ಮಾಡಿಲ್ಲ ಎಂದು ಹೇಳುವುದು ನನ್ನ ಅಭ್ಯಾಸ.

"ಸೈಟಿನ ಹಿಂದ್ಗಡೆ ಇನ್ನೂ ನೋಡಿಲ್ಲ ಕಣೇ. ಅಲ್ಲಿ ಗಟ್ಟಿ ಕಲ್ಲು ಮೇಲೇ ಸಿಕ್ಕರೂ ಸಿಗಬಹುದು. ಸಣ್ಣ ಮನೆಗೆ ಸಾಕಾಗುತ್ತೆ. ನಾಳೆ ಬೆಳಿಗ್ಗೆ ರಾಡು ತಗೊಂಡು ಬರ್ತೀನಿ" ಎಂದೆ.

ಅವಳು ಸೆರಗಿನಿಂದ ಕೈಗೆ ಹತ್ತಿದ ಇಟ್ಟಿಗೆ ಧೂಳು ಒರೆಸಿಕೊಂಡಳು.

"ನಾಳೆ ಬೇಡ, ಭಾನುವಾರ ಬಾ" ಎಂದಳು. "ನಾಳೆ ಬಾಡಿಗೆ ಮನೆ ನೋಡೋಕೆ ಹೋಗ್ಬೇಕು."